ಮೊದಲ ಕಾದಂಬರಿಗೆ ಮೂರು ಮಳೆಗಾಲ

ನನ್ನ ತವರು ಶಿರಸಿ ತಾಲೂಕಿನ ಒಂದು ಹಳ್ಳಿ. ಮದುವೆಯಾಗಿ ಬಂದದ್ದು ಕುಮಟಾ ತಾಲೂಕಿಗೆ, ಅಘನಾಶಿನಿ ಹೊಳೆಯ ದಂಡೆಗೆ. ಮೇಲೆ ಅಡಿಕೆ ತೋಟ, ಕೆಳಗೆ ಗಜನಿ ಗದ್ದೆ. ಈ ಎರಡರ ನಡುವೆ ಓಡಾಡುತ್ತಲೇ ಒಂದು ಕಾದಂಬರಿ ಬರೆದೆ. ಮೊದಲ ಮಳೆಗಾಲದಲ್ಲಿ ಬರೆದೆ. ಎರಡನೆಯದರಲ್ಲಿ ತಿದ್ದಿದೆ. ಮೂರನೆಯದು ಮುಗಿಯುವ ಹೊತ್ತಿಗೆ ಪುಸ್ತಕ ಕೈಗೆ ಬಂತು.

ಆಮೇಲಿಂದ ತುಂಬಾ ಜನ ಕೇಳುತ್ತಾರೆ. ಕಾಲೇಜಿನ ಹುಡುಗಿಯರು, ನನ್ನ ಜೊತೆ ಸೊಸೈಟಿಯಲ್ಲಿ ಕೆಲಸ ಮಾಡುವವರು, ನಿವೃತ್ತರಾದ ಮಾಸ್ತರರು. ‘ನಂದೂ ಒಂದು ಕಥೆ ಇದೆ, ಎಲ್ಲಿಂದ ಶುರು ಮಾಡಲಿ?’ ಅಂತ. ಅವರಿಗೆ ಬಿಡಿಬಿಡಿಯಾಗಿ ಹೇಳಿದ್ದನ್ನು ಇಲ್ಲಿ ಒಟ್ಟಿಗೆ ಬರೆಯುತ್ತಿದ್ದೇನೆ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಬರೆಯುವುದಕ್ಕಿಂತ ತಿದ್ದುವುದಕ್ಕೆ ಜಾಸ್ತಿ ಹೊತ್ತು ಬೇಕು. ತಿದ್ದುವಾಗ ನಿಮಗಿಂತ ಚೆನ್ನಾಗಿ ಆ ಜಾಗ ಗೊತ್ತಿರುವವರ ಕಿವಿ ಬೇಕು. ಈ ಲೇಖನದ ಅರ್ಧ ಅದರ ಬಗ್ಗೆಯೇ ಇದೆ.

ಕಥೆಯನ್ನು ಬಸ್ಸಿನಲ್ಲಿ ಹೇಳಿ ನೋಡಿ

ಕುಮಟಾದಿಂದ ಶಿರಸಿಗೆ ಸುಮಾರು 60 ಕಿಲೋಮೀಟರ್. ನಡುವೆ ದೇವಿಮನೆ ಘಟ್ಟ. ಪಕ್ಕದ ಸೀಟಿನಲ್ಲಿ ಗೆಳತಿ ಕೂತಿದ್ದಾಳೆ ಅಂದುಕೊಳ್ಳಿ. ಘಟ್ಟ ಹತ್ತಿ ಮುಗಿಯುವುದರೊಳಗೆ ನಿಮ್ಮ ಕಾದಂಬರಿಯ ಕಥೆಯನ್ನು ಆಡುಮಾತಿನಲ್ಲಿ ಹೇಳಲು ಆಗಬೇಕು. ‘ಇದು ಬದಲಾಗುತ್ತಿರುವ ಗ್ರಾಮೀಣ ಬದುಕಿನ ಕಥೆ’ ಅಂದರೆ ಗೆಳತಿ ಕಿಟಕಿಯ ಆಚೆ ನೋಡುತ್ತಾಳೆ. ‘ಅಣ್ಣ ತಮ್ಮ ಇಬ್ಬರು. ಗಜನಿಯ ಒಡ್ಡು ಒಡೆದ ರಾತ್ರಿ ಜಂತ್ರಡಿ ಹಾಕದೆ ಹೋದದ್ದು ಯಾರು ಅಂತ ಇಪ್ಪತ್ತು ವರ್ಷದಿಂದ ಮಾತು ಬಿಟ್ಟಿದ್ದಾರೆ. ನಿಜ ಗೊತ್ತಿರೋದು ಅತ್ತಿಗೆಗೆ ಮಾತ್ರ’ ಅಂದರೆ ‘ಅವಳು ಯಾಕೆ ಹೇಳಲಿಲ್ಲ?’ ಅಂತ ಕೇಳುತ್ತಾಳೆ. ಆ ಪ್ರಶ್ನೆ ಬಂತು ಅಂದರೆ ಕಥೆ ಇದೆ.

ಗಜನಿ ಗೊತ್ತಿಲ್ಲದವರಿಗೆ: ಹೊಳೆ ಸಮುದ್ರ ಸೇರುವ ಕಡೆ, ಉಪ್ಪುನೀರು ನುಗ್ಗುವ ತಗ್ಗಿನ ಗದ್ದೆ ಅದು. ಉಪ್ಪು ತಡೆಯುವ ಕಗ್ಗ ಭತ್ತ ಅಲ್ಲಿ ಬೆಳೆಯುತ್ತದೆ. ನೀರನ್ನು ತಡೆಯಲು ಒಡ್ಡು ಇರುತ್ತದೆ. ನೀರು ಬಿಡಲು, ನಿಲ್ಲಿಸಲು ಒಡ್ಡಿನಲ್ಲಿ ಹಲಗೆಯ ಬಾಗಿಲು ಇರುತ್ತದೆ. ಅದಕ್ಕೆ ಜಂತ್ರಡಿ ಅನ್ನುತ್ತಾರೆ.

ಮೊದಲ ಸಲ ಬರೆಯುವವರಿಗೆ ನನ್ನ ಸಲಹೆ ಇಷ್ಟು. ಒಂದು ಮನೆ, ನಾಲ್ಕೈದು ಮುಖ್ಯ ಜನ, ಒಂದು ಗುಟ್ಟು ಅಥವಾ ಒಂದು ಜಗಳ ಸಾಕು. ಮೂರು ತಲೆಮಾರು, ಸ್ವಾತಂತ್ರ್ಯ ಹೋರಾಟದಿಂದ ಇವತ್ತಿನವರೆಗೆ ಅಂತ ಹೊರಟರೆ ನೂರು ಪುಟದಲ್ಲಿ ಸುಸ್ತಾಗುತ್ತದೆ. ಅದನ್ನು ಮೂರನೇ ಪುಸ್ತಕಕ್ಕೆ ಇಟ್ಟುಕೊಳ್ಳಿ.

ಯಾರ ಕಣ್ಣು? ‘ಅವನು’ ಅನ್ನಬೇಕೋ ‘ಅವರು’ ಅನ್ನಬೇಕೋ?

ಮೊದಲ ಎರಡು ಪುಟವನ್ನು ಎರಡು ರೀತಿ ಬರೆದು ನೋಡಿ. ಒಮ್ಮೆ ‘ನಾನು’ ಅಂತ, ಒಮ್ಮೆ ‘ಅವಳು’ ಅಂತ. ಯಾವುದರಲ್ಲಿ ಕೈ ಸಲೀಸಾಗಿ ಓಡುತ್ತದೆ ಅಂತ ಅರ್ಧ ದಿನದಲ್ಲಿ ಗೊತ್ತಾಗುತ್ತದೆ.

ಆದರೆ ಕನ್ನಡದಲ್ಲಿ ಇನ್ನೊಂದು ತೊಡಕಿದೆ. ಕಥೆ ಹೇಳುವವರು ಹಿರಿಯರನ್ನು ಏಕವಚನದಲ್ಲಿ ಕರೆಯಬೇಕೋ ಬಹುವಚನದಲ್ಲೋ? ‘ಮಾಸ್ತರ ಜಗಲಿಗೆ ಬಂದ’ ಅಂದರೆ ಒಂದು ದೂರ, ‘ಮಾಸ್ತರರು ಜಗಲಿಗೆ ಬಂದರು’ ಅಂದರೆ ಇನ್ನೊಂದು ದೂರ. ನಾನು ಮೊದಲ ಐದು ಅಧ್ಯಾಯದಲ್ಲಿ ಮಾವನಿಗೆ ‘ಅವರು’ ಅಂತ ಬರೆದು, ಸಿಟ್ಟಿನ ಸನ್ನಿವೇಶ ಬಂದಾಗ ಗೊತ್ತಿಲ್ಲದೆ ‘ಅವನು’ಗೆ ಇಳಿದಿದ್ದೆ. ಓದುವವರಿಗೆ ಅದು ತಕ್ಷಣ ಕಾಣುತ್ತದೆ. ನನಗೆ ಸರಿ ಕಂಡ ದಾರಿ ಹೀಗಿದೆ: ಯಾರ ಕಣ್ಣಿನಿಂದ ಆ ಅಧ್ಯಾಯ ನಡೆಯುತ್ತದೋ ಅವರು ಮನೆಯಲ್ಲಿ ಹೇಗೆ ಕರೆಯುತ್ತಾರೋ ಹಾಗೆ ಬರೆಯಿರಿ. ಸೊಸೆಯ ಕಣ್ಣಿನಲ್ಲಿ ಮಾವ ‘ಅವರು’. ಅವರ ತಾಯಿಯ ಕಣ್ಣಿನಲ್ಲಿ ಅದೇ ಮನುಷ್ಯ ‘ಅವನು’. ಒಂದು ಚೀಟಿಯಲ್ಲಿ ಹೆಸರು, ಪಕ್ಕದಲ್ಲಿ ಅವನು ಅಥವಾ ಅವರು ಅಂತ ಬರೆದು ಮೇಜಿನ ಎದುರು ಅಂಟಿಸಿ.

ನಮ್ಮ ಕಡೆಯ ಮಾತು ಎಷ್ಟಿರಬೇಕು?

ನಮ್ಮ ಜಿಲ್ಲೆಯಲ್ಲಿ ಒಂದು ಕನ್ನಡ ಇಲ್ಲ. ಹವ್ಯಕರದು ಬೇರೆ, ನಾಡವರದು ಬೇರೆ, ಹಾಲಕ್ಕಿಗಳದು ಬೇರೆ. ಕಾರವಾರದ ಕಡೆ ಹೋದರೆ ಮನೆಮಾತು ಕೊಂಕಣಿ, ಭಟ್ಕಳದಲ್ಲಿ ನವಾಯತಿ. ಇದನ್ನೆಲ್ಲ ಬಿಟ್ಟು ಪಠ್ಯಪುಸ್ತಕದ ಕನ್ನಡದಲ್ಲಿ ಸಂಭಾಷಣೆ ಬರೆದರೆ ಜನರಿಗೆ ಜೀವ ಬರುವುದಿಲ್ಲ. ಪೂರ್ತಿ ಆಡುಮಾತಲ್ಲೇ ಬರೆದರೆ ಮಂಡ್ಯದವರು, ಬೀದರಿನವರು ಎರಡನೇ ಪುಟಕ್ಕೆ ನಿಲ್ಲುತ್ತಾರೆ. ಹಾಗಾದರೆ ಏನು ಮಾಡಬೇಕು? ನಾನು ಮೂರು ಸಲ ಬರೆದ ಒಂದು ಸಾಲು ತೋರಿಸುತ್ತೇನೆ. ಮಗಳು ಕತ್ತಲಾದ ಮೇಲೆ ಮನೆಗೆ ಬರುತ್ತಾಳೆ. ಆಯಿ ಬಾಗಿಲಲ್ಲಿ ನಿಂತಿದ್ದಾಳೆ.

ಮೊದಲನೆಯದು: ‘ನೀನು ಏಕೆ ಇಷ್ಟು ತಡವಾಗಿ ಬಂದೆ? ನಾನು ತುಂಬಾ ಗಾಬರಿಯಾಗಿದ್ದೆ.’

ಎರಡನೆಯದು: ‘ಎಂತಕ್ಕೆ ಇಷ್ಟೊತ್ತಾತು ಮಾರಾಯ್ತಿ? ಯಂಗೆ ಹೆದ್ರಿಕೆ ಆಗೋಗಿತ್ತು.’

ಮೂರನೆಯದು: ‘ಎಂತಕ್ಕೆ ಇಷ್ಟೊತ್ತಾತು? ಅನ್ನ ತಣಿದು ಹೋತು.’

ಮೊದಲನೆಯದು ಯಾವ ಆಯಿಯೂ ಆಡದ ಮಾತು. ಎರಡನೆಯದು ಸರಿಯಾದ ಹವ್ಯಕ ಮಾತು, ಆದರೆ ಮನಸ್ಸಿನಲ್ಲಿ ಇರುವುದನ್ನೆಲ್ಲ ಬಾಯಲ್ಲಿ ಹೇಳಿಬಿಟ್ಟಿದೆ. ಮೂರನೆಯದರಲ್ಲಿ ‘ಎಂತಕ್ಕೆ’, ‘ಹೋತು’ ಎರಡೇ ಸಾಕಾಯಿತು ಊರು ತಿಳಿಯಲು. ಹೆದರಿಕೆ ಅನ್ನದೊಳಗೆ ಹೋಗಿ ಕೂತಿತು. ನಮ್ಮ ಅಮ್ಮಂದಿರು ಹೆದರಿದ್ದನ್ನು ಹೇಳುವುದು ಹೀಗೇ ಅಲ್ವಾ?

ಹಾಗಾಗಿ ಪ್ರತಿ ಪಾತ್ರಕ್ಕೂ ಐದಾರು ಗುರುತಿನ ಪದ, ಕ್ರಿಯಾಪದದ ಒಂದೆರಡು ಕೊನೆ ಆರಿಸಿಕೊಳ್ಳಿ. ಅಷ್ಟನ್ನು ಕೊನೆಯವರೆಗೂ ಬಿಡಬೇಡಿ. ಪುಸ್ತಕದ ಕೊನೆಗೆ ಪದಗಳ ಅರ್ಥದ ಪಟ್ಟಿ ಹಾಕುವುದು ನನಗೆ ಇಷ್ಟವಿಲ್ಲ. ‘ಅಡ್ಡಿಲ್ಲೆ’ ಅಂದರೆ ಏನು ಅಂತ ಆ ಸನ್ನಿವೇಶವೇ ಹೇಳಬೇಕು.

ಮೊದಲ ಮಳೆಗಾಲ: ದಿನಕ್ಕೆ 300 ಪದ

ಲೆಕ್ಕ ಹಾಕೋಣ. ಮೊದಲ ಕಾದಂಬರಿಗೆ 45,000 ಪದ ಒಳ್ಳೆಯ ಅಳತೆ. ದಿನಕ್ಕೆ 300 ಪದ ಅಂದರೆ 150 ದಿನ. ಜೂನ್ 1ಕ್ಕೆ ಶುರು ಮಾಡಿದರೆ ಅಕ್ಟೋಬರ್ ಕೊನೆಗೆ ಮುಗಿಯುತ್ತದೆ. ನಮ್ಮ ಕಡೆಯ ಮಳೆಗಾಲದ ಲೆಕ್ಕಕ್ಕೆ ಸರಿಯಾಗಿ ಕೂರುತ್ತದೆ. ಕನ್ನಡ ಕಾದಂಬರಿಗಳು ಸಾಮಾನ್ಯವಾಗಿ ಬರುವ ಡೆಮಿ ಅಳತೆಯ ಪುಟದಲ್ಲಿ 230–250 ಪದ ಹಿಡಿಯುತ್ತದೆ. ಹಾಗಾಗಿ ಅಚ್ಚಾದಾಗ 180–200 ಪುಟದ ಪುಸ್ತಕ.

300 ಪದ ಅಂದರೆ ನೋಟ್‌ಬುಕ್ಕಿನ ಎರಡು ಪುಟ. ನಾನು ಬೆಳಿಗ್ಗೆ ಐದಕ್ಕೆ ಎದ್ದು ಕಷಾಯ ಮಾಡಿಕೊಂಡು ಆರೂವರೆವರೆಗೆ ಬರೆಯುತ್ತಿದ್ದೆ. ಆಮೇಲೆ ಮನೆ ಎದ್ದುಬಿಡುತ್ತದೆ. ಕೈಯಲ್ಲೇ ಬರೆದೆ. ಜೂನ್–ಜುಲೈನಲ್ಲಿ ಕರೆಂಟನ್ನು ನಂಬಲು ಆಗುವುದಿಲ್ಲ. ಕೈಯಲ್ಲಿ ಬರೆಯುವಾಗ ಹಿಂದೆ ಹೋಗಿ ತಿದ್ದುವ ಆಸೆಯೂ ಕಡಿಮೆ. ನೀವು ಮೊಬೈಲಲ್ಲಿ ಬರೆದರೂ ಸರಿಯೇ, ನಿನ್ನೆಯ ಪುಟ ಮಾತ್ರ ತಿದ್ದಬೇಡಿ.

ಸನ್ನಿವೇಶ ಪೂರ್ತಿ ಮುಗಿಸಿ ಏಳಬೇಡಿ. ಬಾಗಿಲು ತಟ್ಟಿದ ಸದ್ದಾಯಿತು ಅನ್ನುವಲ್ಲಿ ನಿಲ್ಲಿಸಿ. ನಾಳೆ ಕೂತ ತಕ್ಷಣ ಬಾಗಿಲು ತೆಗೆಯುವ ಕೆಲಸ ಇರುತ್ತದೆ. ಖಾಲಿ ಹಾಳೆ ನೋಡುತ್ತಾ ಕೂರುವುದು ತಪ್ಪುತ್ತದೆ.

ಗೊತ್ತಿಲ್ಲದ ಸಂಗತಿ ಬಂದರೆ ಹುಡುಕಲು ಹೋಗಬೇಡಿ. ಅಲ್ಲೇ ‘ನೋಡಬೇಕು’ ಅಂತ ಕೆಂಪು ಪೆನ್ನಲ್ಲಿ ಬರೆದು ಮುಂದೆ ಹೋಗಿ. ನನ್ನ ನೋಟ್‌ಬುಕ್ಕಿನಲ್ಲಿ ಇಂಥವು ಅರವತ್ತಕ್ಕೂ ಜಾಸ್ತಿ ಇದ್ದವು.

ಅರ್ಧದ ಹತ್ತಿರ, ಸುಮಾರು 20,000 ಪದಕ್ಕೆ, ಕಥೆ ನಿಂತುಬಿಡುತ್ತದೆ. ಹೆಚ್ಚಿನವರು ಬಿಟ್ಟುಬಿಡುವುದು ಇಲ್ಲೇ. ನನಗೂ ಹಾಗೇ ಆಯಿತು. ಆಗಸ್ಟಿನಲ್ಲಿ ಹನ್ನೊಂದು ದಿನ ಒಂದು ಸಾಲೂ ಬರಲಿಲ್ಲ. ಆಮೇಲೆ ತಿಳಿಯಿತು, ನನ್ನ ಕಾದಂಬರಿಯ ಅತ್ತಿಗೆಗೆ ಬೇಕಾದದ್ದೆಲ್ಲ ಸುಲಭವಾಗಿ ಸಿಗುತ್ತಿತ್ತು. ಅವಳ ದಾರಿಗೆ ಅಡ್ಡ ನಿಲ್ಲುವವರು ಯಾರೂ ಇರಲಿಲ್ಲ. ಮುಂಬೈಯಿಂದ ನಾದಿನಿಯನ್ನು ಆಸ್ತಿ ಪಾಲಿಗೆ ಅಂತ ಕರೆಸಿದೆ. ಕಥೆ ಮತ್ತೆ ನಡೆಯಿತು. ನಿಮ್ಮದೂ ನಿಂತರೆ ಮೊದಲು ಇದನ್ನೇ ನೋಡಿ: ಮುಖ್ಯ ಪಾತ್ರಕ್ಕೆ ಈಗ ಏನು ಬೇಕು, ಅದನ್ನು ಕೊಡದೆ ಇರುವವರು ಯಾರು? ಅದಕ್ಕೂ ಉತ್ತರ ಸಿಗದಿದ್ದರೆ ನಿಮಗೆ ಬರೆಯಲು ಆಸೆಯಿರುವ ಮುಂದಿನ ಸನ್ನಿವೇಶಕ್ಕೆ ಹಾರಿ. ನಡುವಿನದನ್ನು ಆಮೇಲೆ ಹೊಲಿಯಬಹುದು.

ಕೊಯ್ಲಿನ ಹೊತ್ತಿಗೆ ಮುಚ್ಚಿಡಿ

ಬರೆದು ಮುಗಿದ ಮೇಲೆ ನೋಟ್‌ಬುಕ್ ಕಟ್ಟಿ ಕಪಾಟಿನಲ್ಲಿ ಇಡಿ. ಕಡಿಮೆ ಅಂದರೆ ಮೂರು ತಿಂಗಳು. ನಾನು ತವರಿಗೆ ಹೋಗಿ ಅಡಿಕೆ ಕೊಯ್ಲು, ಸುಲಿಯುವುದು, ಚಾಲಿ ಒಣಗಿಸುವುದು ಅಂತ ಆಯಿಗೆ ಕೈಜೋಡಿಸಿದೆ. ಹೊಸದಾಗಿ ಬರೆದದ್ದು ಸುಲಿದ ಹಸಿ ಅಡಿಕೆ ಇದ್ದ ಹಾಗೆ, ಬಿಸಿಲು ಕಾಣದೆ ಅದರ ತೂಕ ಗೊತ್ತಾಗುವುದಿಲ್ಲ. ಈ ಹೊತ್ತಿನಲ್ಲಿ ಬೇರೆಯವರ ಕಾದಂಬರಿ ಓದಿ, ತಾಲೂಕಿನ ಗ್ರಂಥಾಲಯಕ್ಕೆ ಹೋಗಿ.

ಎರಡನೇ ಮಳೆಗಾಲ: ತಿದ್ದುವುದು

ಮೊದಲ ದಿನ ಪೆನ್ನು ಹಿಡಿಯಬೇಡಿ. ಒಂದೇ ಬೀಸಿಗೆ ಎರಡು ದಿನದಲ್ಲಿ ಪೂರ್ತಿ ಓದಿ. ಆಮೇಲೆ ದೊಡ್ಡ ಹಾಳೆಯ ಮೇಲೆ ಅಧ್ಯಾಯಗಳ ಪಟ್ಟಿ ಮಾಡಿ. ಒಂದೊಂದರ ಎದುರು ಒಂದೇ ಸಾಲು: ಈ ಅಧ್ಯಾಯದಿಂದ ಏನು ಬದಲಾಯಿತು? ಏನೂ ಬದಲಾಗದಿದ್ದರೆ ಆ ಅಧ್ಯಾಯ ಹೋಗಬೇಕು.

ನನ್ನದರಲ್ಲಿ ಶಿರಸಿಯ ಮಾರಿಕಾಂಬಾ ಜಾತ್ರೆಯ ಮೇಲೆ ಹನ್ನೊಂದು ಪುಟ ಇತ್ತು. ರಥ, ಬಳೆ ಅಂಗಡಿ, ತೊಟ್ಟಿಲು, ರಾತ್ರಿಯ ನಾಟಕ. ನಾನು ಬರೆದದ್ದರಲ್ಲಿ ಅದೇ ಚಂದ ಅಂತ ಈಗಲೂ ಅನ್ನಿಸುತ್ತದೆ. ಆದರೆ ಜಾತ್ರೆಗೆ ಹೋದ ಅತ್ತಿಗೆ ಹೇಗೆ ಹೋದಳೋ ಹಾಗೇ ವಾಪಸ್ ಬಂದಿದ್ದಳು. ಎರಡು ವಾರ ಒದ್ದಾಡಿ ತೆಗೆದೆ. ಹನ್ನೊಂದು ಪುಟದಿಂದ ಒಂದೇ ಸಾಲು ಉಳಿಯಿತು, ಅವಳ ಕೈಯ ಹಸಿರು ಬಳೆ. ತೆಗೆದದ್ದನ್ನು ಬಿಸಾಡಬೇಡಿ. ಬೇರೆ ಫೈಲಿನಲ್ಲಿ ಇಡಿ. ಮುಂದೆ ಒಂದು ಕಥೆಯೋ ಪ್ರಬಂಧವೋ ಆಗಬಹುದು.

ಎರಡನೆಯದು ಕಾಲದ ಪಟ್ಟಿ. ಇದನ್ನು ಯಾಕೆ ಹೇಳುತ್ತಿದ್ದೇನೆ ಅಂದರೆ ನನಗೆ ಇದನ್ನು ಕಲಿಸಿದ್ದು ಹೊಳೆಯಲ್ಲಿ ಬಳಚು (ಅಡುಗೆಗೆ ಬಳಸುವ ಚಿಪ್ಪು) ಆರಿಸುವ ಅಕ್ಕ. ನಮ್ಮ ಪಕ್ಕದ ಕೇರಿಯವರು. ಅವರಿಗೆ ಓದಲು ಬರುವುದಿಲ್ಲ. ಹಾಗಾಗಿ ನಾನೇ ಓದಿ ಹೇಳುತ್ತಿದ್ದೆ, ಮಧ್ಯಾಹ್ನ ಅವರ ಜಗಲಿಯಲ್ಲಿ, ದಿನಕ್ಕೆ ಒಂದು ಅಧ್ಯಾಯ. ನಾಲ್ಕನೇ ಅಧ್ಯಾಯದಲ್ಲಿ ಅತ್ತಿಗೆ ಮೂರು ದಿನ ಬೆಳಿಗ್ಗೆ ಏಳಕ್ಕೆ ಹೊಳೆಗೆ ಇಳಿದು ಬಳಚು ತರುತ್ತಾಳೆ. ಅಕ್ಕ ಕೈಯಲ್ಲಿದ್ದ ಕತ್ತಿ ಕೆಳಗಿಟ್ಟರು. ‘ತಂಗೀ, ಹೊಳೆ ನಿನ್ನ ಗಡಿಯಾರ ನೋಡ್ಕಂಡು ಇಳೀತದ್ಯಾ?’ ಅಂದರು.

ನೀರು ಇಳಿಯುವ ಹೊತ್ತು ದಿನಾ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ. ಇವತ್ತು ಏಳಕ್ಕೆ ಇಳಿದರೆ ನಾಳೆ ಎಂಟರ ಹತ್ತಿರ, ನಾಡಿದ್ದು ಎಂಟೂ ಮುಕ್ಕಾಲಿಗೆ. ತಿಥಿ ಹೇಳಿದರೆ ಸಾಕು, ಆ ದಿನ ಹೊಳೆ ಯಾವಾಗ ಇಳಿಯುತ್ತದೆ ಅಂತ ಅಕ್ಕ ಹೇಳುತ್ತಾರೆ. ಹೊಳೆಯ ದಂಡೆಯಲ್ಲಿ ಹತ್ತು ವರ್ಷ ಇದ್ದ ನನಗೆ ಅದು ಗೊತ್ತಿರಲಿಲ್ಲ. ಅದಕ್ಕಿಂತ ದೊಡ್ಡ ಸಂಗತಿ ಏನು ಅಂದರೆ, ಅದನ್ನು ಸರಿ ಮಾಡಿದಾಗ ಕಥೆಯೇ ಗಟ್ಟಿಯಾಯಿತು. ಮೂರನೇ ದಿನ ಅತ್ತಿಗೆ ತಡವಾಗಿ ಹೊಳೆಗೆ ಇಳಿದಳು. ಅಡುಗೆ ತಡವಾಯಿತು. ಮಾವ ಕೇಳಿದರು. ಅವಳು ಸುಳ್ಳು ಹೇಳಿದಳು. ಇಡೀ ಕಾದಂಬರಿಯ ಗುಟ್ಟು ಬಿಚ್ಚಲು ಶುರುವಾಗುವುದು ಆ ಸುಳ್ಳಿನಿಂದ. ನನ್ನ ಮೊದಲ ಕರಡಿನಲ್ಲಿ ಅದು ಇರಲೇ ಇಲ್ಲ.

ಆಮೇಲೆ ನಾನು ಐದು ಕಲಂ ಹಾಕಿ ಒಂದು ಪಟ್ಟಿ ಮಾಡಿದೆ: ತಿಂಗಳು, ತಿಥಿ, ಮಳೆಯೋ ಬಿಸಿಲೋ, ಪಾತ್ರಗಳ ವಯಸ್ಸು, ಆ ವರ್ಷ ಹೊರಗೆ ಏನು ನಡೆದಿತ್ತು. ಕೊನೆಯ ಕಲಂ ಮುಖ್ಯ. ಕೊಂಕಣ ರೈಲು ಪೂರ್ತಿ ಓಡಲು ಶುರುವಾದದ್ದು 1998ರಲ್ಲಿ. ನಿಮ್ಮ ಪಾತ್ರ 1990ರಲ್ಲಿ ಕುಮಟಾ ಸ್ಟೇಷನ್ನಿನಿಂದ ಮುಂಬೈಗೆ ರೈಲು ಹತ್ತಲು ಆಗುವುದಿಲ್ಲ, ಬಸ್ಸಿನಲ್ಲೇ ಹೋಗಬೇಕು. ಮಾರಿಕಾಂಬಾ ಜಾತ್ರೆ ಎರಡು ವರ್ಷಕ್ಕೊಮ್ಮೆ. ಸಾಲಾಗಿ ಎರಡು ವರ್ಷ ಜಾತ್ರೆ ಮಾಡಿಸಿದರೆ ಶಿರಸಿಯ ಓದುಗರು ಪುಸ್ತಕ ಮುಚ್ಚಿ ಇಡುತ್ತಾರೆ.

ಮೂರನೆಯದು ಸಾಲುಗಳ ಕೆಲಸ. ಪ್ರತಿ ಪುಟವನ್ನೂ ಗಟ್ಟಿಯಾಗಿ ಓದಿ. ನಾಲಿಗೆ ಎಲ್ಲಿ ಎಡವುತ್ತದೋ ಅಲ್ಲಿ ಗೀಟು ಹಾಕಿ. ನನಗೆ ಸಿಕ್ಕ ದೋಷಗಳನ್ನು ಹೇಳುತ್ತೇನೆ, ನಿಮಗೂ ಬಹುಶಃ ಇವೇ ಸಿಗುತ್ತವೆ. ‘ಇದ್ದಕ್ಕಿದ್ದಂತೆ’ 41 ಸಲ. ‘ಮನಸ್ಸಿನಲ್ಲೇ ಅಂದುಕೊಂಡಳು’ 28 ಸಲ. ‘ಎದ್ದು, ಹೋಗಿ, ತೆಗೆದು, ನೋಡಿ, ಬಂದು’ ಅಂತ ಒಂದೇ ಉಸಿರಿನಲ್ಲಿ ಓಡುವ ವಾಕ್ಯಗಳು. ಪುಟಕ್ಕೆ ಮೂರು ‘ಹಾಗೆ’, ‘ಅಂತೆ’ ಅನ್ನುವ ಹೋಲಿಕೆ. ಒಂದು ಪುಟದಲ್ಲಿ ಒಂದೇ ಹೋಲಿಕೆ ಉಳಿಸಿ, ಅದೂ ಆ ಪಾತ್ರ ದಿನಾ ಕಾಣುವ ವಸ್ತುವಿನಿಂದ ಬರಲಿ.

ನನ್ನ ಹಳೆಯ ಸಾಲು ಹೀಗಿತ್ತು: ‘ಅವಳ ಹೃದಯದಲ್ಲಿ ದುಃಖದ ಮಹಾಸಾಗರವೇ ಉಕ್ಕಿ ಹರಿಯಿತು, ಅವಳು ಮೌನವಾಗಿ ಅಡುಗೆಮನೆಗೆ ತೆರಳಿದಳು.’ ತಿದ್ದಿದ್ದು: ‘ಅವಳು ಅಡುಗೆಮನೆಗೆ ಹೋದಳು. ಅಪ್ಪೆಹುಳಿಗೆ ಎರಡನೇ ಸಲ ಉಪ್ಪು ಹಾಕಿದಳು.’

ಓದಿ ಹೇಳುವವರು ಯಾರು, ಕೇಳುವವರು ಯಾರು?

ಮೂರು ಜನ ಸಾಕು. ಆ ಜಾಗ ಮತ್ತು ಕೆಲಸ ಗೊತ್ತಿರುವ ಒಬ್ಬರು, ತುಂಬಾ ಕಾದಂಬರಿ ಓದಿದ ಒಬ್ಬರು, ನಿಮ್ಮ ಪರಿಚಯ ಅಷ್ಟಾಗಿ ಇಲ್ಲದ ಒಬ್ಬರು. ‘ಹೇಗಿದೆ?’ ಅಂತ ಕೇಳಬೇಡಿ. ‘ಚೆನ್ನಾಗಿದೆ’ ಅಂತಾರೆ, ಮುಗಿಯಿತು. ‘ಎಲ್ಲಿ ಓದೋದು ನಿಲ್ಲಿಸಿ ಬೇರೆ ಕೆಲಸಕ್ಕೆ ಎದ್ರಿ?’, ‘ಯಾರ ಹೆಸರು ನೆನಪಿಲ್ಲ?’, ‘ಯಾವ ಮಾತು ಸುಳ್ಳು ಅನ್ನಿಸ್ತು?’ ಈ ಮೂರು ಕೇಳಿ. ಅವರು ಹೇಳುವಾಗ ವಾದ ಮಾಡದೆ ಬರೆದುಕೊಳ್ಳಿ. ಇಬ್ಬರು ಒಂದೇ ಜಾಗದಲ್ಲಿ ಎಡವಿದರೆ ಅಲ್ಲಿ ಕಲ್ಲಿದೆ ಅಂತಲೇ ಅರ್ಥ.

ಊರಿನವರ ವಿಷಯ ಸೂಕ್ಷ್ಮ. ನಮ್ಮ ಜಿಲ್ಲೆಯಲ್ಲಿ ಅಡ್ಡಹೆಸರೊಂದೇ ಸಾಕು ಜಾತಿ, ಊರು, ಕೆಲವೊಮ್ಮೆ ಮನೆಯೂ ತಿಳಿಯಲು. ಹೆಗಡೆ, ಗಾಂವಕರ, ನಾಯಕ, ಗೌಡ, ಅಂಬಿಗ, ಹರಿಕಂತ್ರ, ಒಂದೊಂದಕ್ಕೂ ಒಂದು ನೆಲ ಇದೆ. ನೀವು ಸುಮ್ನೆ ಇಟ್ಟ ಹೆಸರು ಯಾರದೋ ಮನೆಯ ಗುರುತಾಗಿಬಿಡಬಹುದು. ನಿಜವಾದ ಘಟನೆಯಿಂದ ಕಥೆ ಎತ್ತಿಕೊಂಡಿದ್ದರೆ ವಯಸ್ಸು, ಕೆಲಸ, ತಾಲೂಕು, ಮಕ್ಕಳ ಸಂಖ್ಯೆ ಎಲ್ಲವನ್ನೂ ಬದಲಿಸಿ. ಹತ್ತಿರದವರ ನೋವು ಅದಾಗಿದ್ದರೆ ಮೊದಲೇ ಹೋಗಿ ಹೇಳಿ. ನಾನು ನನ್ನ ಅತ್ತೆಗೆ ಮೊದಲು ಓದಿ ಹೇಳಿದೆ. ಒಂದು ಸನ್ನಿವೇಶ ಬೇಡ ಅಂದರು. ತೆಗೆದೆ. ಅದಕ್ಕೆ ನನಗೆ ಈಗಲೂ ಬೇಜಾರಿಲ್ಲ.

ಟೈಪಿಂಗ್ ಮತ್ತು ಕಾಗುಣಿತ

ಯುನಿಕೋಡಿನಲ್ಲೇ ಟೈಪ್ ಮಾಡಿ. ನುಡಿ ಕೀಲಿಮಣೆ ರೂಢಿ ಇದ್ದರೆ ಅದರಲ್ಲೂ ಯುನಿಕೋಡ್ ಆಯ್ಕೆ ಇದೆ. ಅನೇಕ ಅಚ್ಚುಕೂಟಗಳು ಪುಟ ಕಟ್ಟುವಾಗ ಅದನ್ನು ಹಳೆಯ ಫಾಂಟಿಗೆ ಬದಲಿಸುತ್ತವೆ. ಆಗ ಅರ್ಕಾವೊತ್ತು ಎಲ್ಲೋ ಹೋಗಿ ಕೂರುತ್ತದೆ, ‘ಬಸ್‌ಸ್ಟ್ಯಾಂಡ್’ನಂಥ ಪದಗಳ ಒತ್ತಕ್ಷರ ಅಂಟಿಕೊಳ್ಳುತ್ತವೆ. ಅದಕ್ಕೇ ಪುಟ ಕಟ್ಟಿದ ಮೇಲೆ ಬರುವ ಕರಡನ್ನು ಕಾಗದದ ಮೇಲೆ, ಮೊದಲಿಂದ ಕೊನೆವರೆಗೆ, ಎರಡು ಸಲ ಓದಬೇಕು. ‘ಟೈಪ್ ಮಾಡುವಾಗಲೇ ತಿದ್ದಿದ್ದೇನಲ್ಲ’ ಅಂತ ಬಿಡಬೇಡಿ.

ಕಾಗುಣಿತಕ್ಕೆ ಒಂದು ಚೀಟಿ ಇರಲಿ. ಕುಮಟಾ ಅಂತಲೋ ಕುಮಟೆ ಅಂತಲೋ, ಶಿರಸಿ ಅಂತಲೋ ಸಿರ್ಸಿ ಅಂತಲೋ, ಒಂದನ್ನು ಆರಿಸಿ ಪುಸ್ತಕದುದ್ದಕ್ಕೂ ಅದನ್ನೇ ಬಳಸಿ. ಅ–ಹ, ಲ–ಳ, ಅಲ್ಪಪ್ರಾಣ–ಮಹಾಪ್ರಾಣ ನೋಡಲು ನಿಮ್ಮದಲ್ಲದ ಇನ್ನೊಂದು ಜೊತೆ ಕಣ್ಣು ಬೇಕು. ದುಡ್ಡು ಕೊಟ್ಟಾದರೂ ಕರಡು ತಿದ್ದಿಸಿ. ಮುಖಪುಟಕ್ಕೆ ಇಟ್ಟ ಹಣದಲ್ಲಿ ಸ್ವಲ್ಪ ಇದಕ್ಕೆ ತೆಗೆಯುವುದು ಒಳ್ಳೆಯದು. ಪ್ರತಿ ವಾರ ಫೈಲನ್ನು ನಿಮಗೇ ಮೇಲ್ ಮಾಡಿಕೊಳ್ಳಿ.

ಪ್ರಕಾಶಕರ ಹತ್ತಿರ ಹೋಗುವಾಗ

ನಿಮ್ಮ ಕಪಾಟಿನಲ್ಲಿರುವ, ನಿಮ್ಮ ಬರಹಕ್ಕೆ ಹತ್ತಿರದ ಕಾದಂಬರಿಗಳನ್ನು ತೆಗೆಯಿರಿ. ಯಾರು ಪ್ರಕಟಿಸಿದ್ದು ಅಂತ ಬರೆದುಕೊಳ್ಳಿ. ಐದಾರು ಹೆಸರು ಸಿಗುತ್ತವೆ. ಅವರಿಗೆ ಒಂದು ಪುಟದ ಕಥಾಸಾರ (ಕೊನೆಯನ್ನೂ ಸೇರಿಸಿ), ಮೊದಲ ಮೂರು ಅಧ್ಯಾಯ, ನಿಮ್ಮ ಬಗ್ಗೆ ನಾಲ್ಕು ಸಾಲು ಕಳಿಸಿ. ಮೂರು ತಿಂಗಳು ಕಾಯಿರಿ, ಒಮ್ಮೆ ನೆನಪಿಸಿ. ವಾರಪತ್ರಿಕೆಗಳ ಧಾರಾವಾಹಿ, ಕಾದಂಬರಿ ಸ್ಪರ್ಧೆಗಳೂ ಒಳ್ಳೆಯ ದಾರಿ. ಸ್ಪರ್ಧೆಗೆ ಕಳಿಸಿದ್ದನ್ನು ಅದೇ ಹೊತ್ತಿಗೆ ಬೇರೆಡೆ ಕಳಿಸಬೇಡಿ.

ನನ್ನ ತಪ್ಪು ಇಲ್ಲಾಯಿತು. ಒಬ್ಬ ಪ್ರಕಾಶಕರು ಫೋನಿನಲ್ಲಿ ‘ಹಾಕೋಣ’ ಅಂದರು. ನಂಬಿ ಹದಿನಾಲ್ಕು ತಿಂಗಳು ಕಾದೆ. ಆಮೇಲೆ ‘ಇನ್ನೂರು ಪ್ರತಿ ನೀವೇ ಕೊಳ್ಳಬೇಕು’ ಅಂದರು. ಕಾಗದದ ಮೇಲೆ ಏನೂ ಇರಲಿಲ್ಲ, ಕೇಳುವ ಹಾಗೂ ಇರಲಿಲ್ಲ. ಮುಗಿದ ಹಸ್ತಪ್ರತಿ ವಾಪಸ್ ತಂದೆ. ಆ ಕಾಯುವಿಕೆ ಇಲ್ಲದಿದ್ದರೆ ಪುಸ್ತಕ ಒಂದು ವರ್ಷ ಮೊದಲೇ ಬರುತ್ತಿತ್ತು, ನಾನು ಹೇಳುವ ಮೂರು ಮಳೆಗಾಲದ ಲೆಕ್ಕ ಆ ವರ್ಷವನ್ನು ಬಿಟ್ಟು.

ನೀವು ಹಾಗೆ ಮಾಡಬೇಡಿ. ಕಾನೂನು ನಮ್ಮ ಪರವಾಗಿಯೇ ಇದೆ. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ನೀವು ಬರೆದ ಕ್ಷಣದಿಂದ ಹಕ್ಕು ನಿಮ್ಮದು. ನೋಂದಣಿ ಕಡ್ಡಾಯ ಅಲ್ಲ. ಆ ಹಕ್ಕು ನಿಮ್ಮ ಜೀವಮಾನಕ್ಕೂ, ಆಮೇಲೆ 60 ವರ್ಷಕ್ಕೂ ಇರುತ್ತದೆ. ಹಕ್ಕನ್ನು ಬೇರೆಯವರಿಗೆ ವಹಿಸಬೇಕಾದರೆ ಅದು ಬರಹದಲ್ಲಿ, ಸಹಿಯೊಂದಿಗೆ ಇರಬೇಕು. ಎಷ್ಟು ವರ್ಷಕ್ಕೆ ಅಂತ ಬರೆಯದಿದ್ದರೆ ಐದು ವರ್ಷಕ್ಕೆ ಅಂತ ಅರ್ಥ. ಯಾವ ಪ್ರದೇಶಕ್ಕೆ ಅಂತ ಬರೆಯದಿದ್ದರೆ ಭಾರತಕ್ಕೆ ಮಾತ್ರ. ಕರಾರಿನಲ್ಲಿ ಇವಿಷ್ಟು ನೋಡಿ: ಎಷ್ಟು ಪ್ರತಿ, ಯಾವ ತಿಂಗಳೊಳಗೆ, ಗೌರವಧನ ಎಷ್ಟು (ಮುಖಬೆಲೆಯ ನೂರಕ್ಕೆ ಹತ್ತು ಸಾಮಾನ್ಯ), ನಿಮಗೆ ಎಷ್ಟು ಪ್ರತಿ ಉಚಿತ, ಅನುವಾದ, ಇ–ಪುಸ್ತಕ, ಆಡಿಯೋ, ಸಿನಿಮಾ ಹಕ್ಕು ಯಾರದು. ‘ಎಲ್ಲ ಹಕ್ಕುಗಳೂ’ ಅನ್ನುವ ಸಾಲು ಕಂಡರೆ ಸಹಿ ಹಾಕುವ ಮೊದಲು ಪರಿಚಯದ ವಕೀಲರಿಗೆ ತೋರಿಸಿ.

ನೀವೇ ಅಚ್ಚು ಹಾಕಿಸುವುದಾದರೆ

ಕೊನೆಗೆ ನಾನು ಮಾಡಿದ್ದು ಇದನ್ನೇ. ಐಎಸ್‌ಬಿಎನ್, ಅಂದರೆ ಪುಸ್ತಕದ ಗುರುತಿನ ಸಂಖ್ಯೆ, ಉಚಿತ. ಭಾರತದಲ್ಲಿ ಅದನ್ನು ಕೊಡುವುದು ಕೇಂದ್ರ ಸರ್ಕಾರದ ರಾಜಾ ರಾಮಮೋಹನ ರಾಯ್ ಹೆಸರಿನ ಸಂಸ್ಥೆ. ಲೇಖಕರು ತಾವೇ ಪೋರ್ಟಲ್ಲಿನಲ್ಲಿ ಅರ್ಜಿ ಹಾಕಬಹುದು. ಇದಕ್ಕೆ ಯಾರಾದರೂ ದುಡ್ಡು ಕೇಳಿದರೆ ಕೊಡಬೇಡಿ. ಆದರೆ ಅಚ್ಚಿಗೆ ಹೋಗುವ ಮೊದಲು ಸಾಕಷ್ಟು ಸಮಯ ಇಟ್ಟುಕೊಂಡು ಅರ್ಜಿ ಹಾಕಿ.

ಪುಸ್ತಕ 16 ಪುಟಗಳ ಫಾರಂಗಳಲ್ಲಿ ಅಚ್ಚಾಗುತ್ತದೆ. ನಿಮ್ಮದು 195 ಪುಟ ಆದರೆ 208ಕ್ಕೆ ಹೋಗುತ್ತದೆ, ಮೂರು ಪುಟ ಕಡಿಮೆ ಮಾಡಿದರೆ 192ರಲ್ಲಿ ಮುಗಿಯುತ್ತದೆ. ಒಂದು ಪೂರ್ತಿ ಫಾರಂ ಉಳಿಯಿತು. ಒಳಪುಟಕ್ಕೆ 70 ಜಿಎಸ್‌ಎಂ ಮ್ಯಾಪ್ಲಿಥೋ ಕಾಗದ ಸಾಕು. ಅಕ್ಷರ ತೀರಾ ಚಿಕ್ಕದು ಬೇಡ, ನಮ್ಮ ಓದುಗರಲ್ಲಿ ಕನ್ನಡಕದವರು ಜಾಸ್ತಿ. 100 ಪ್ರತಿ ಡಿಜಿಟಲ್ ಅಚ್ಚಿನಲ್ಲಿ ಮಾಡಿಸಬಹುದು, 500 ದಾಟಿದರೆ ಆಫ್‌ಸೆಟ್ ಅಗ್ಗ. ಮೂರು ಕಡೆ ಬರಹದಲ್ಲಿ ದರ ತರಿಸಿ. ನನ್ನ ಸಲಹೆ ಮೊದಲು 200–300 ಮಾತ್ರ. ಮಂಚದ ಕೆಳಗೆ ಇಟ್ಟ ಪುಸ್ತಕಕ್ಕೆ ನಮ್ಮ ಮಳೆಗಾಲದಲ್ಲಿ ಬೂಷ್ಟು ಹಿಡಿಯುತ್ತದೆ, ಗೆದ್ದಲಂತೂ ಬಿಡುವುದೇ ಇಲ್ಲ.

ಬೆಲೆ ಇಡುವಾಗ ಅಂಗಡಿಯವರಿಗೆ ಕೊಡುವ ರಿಯಾಯಿತಿ ಮರೆಯಬೇಡಿ. ನೂರಕ್ಕೆ ಮೂವತ್ತು–ನಲವತ್ತು ಅಲ್ಲಿಗೇ ಹೋಗುತ್ತದೆ. ಮುನ್ನುಡಿ ಬೇಕೇ ಬೇಕು ಅಂತಿಲ್ಲ. ಬೆನ್ನುಡಿ ಮಾತ್ರ ಒಳ್ಳೆಯದಿರಲಿ, ಆರೇಳು ಸಾಲು, ಕಥೆಯ ಮೊದಲ ತಿರುವಿನವರೆಗೆ ಮಾತ್ರ. ‘ನನ್ನ ಮಾತು’ ಒಂದು ಪುಟ ದಾಟದಿರಲಿ.

1954ರ ಕಾಯ್ದೆಯಂತೆ ಪುಸ್ತಕ ಪ್ರಕಟವಾದ 30 ದಿನದೊಳಗೆ ಕೋಲ್ಕತ್ತಾದ ರಾಷ್ಟ್ರೀಯ ಗ್ರಂಥಾಲಯಕ್ಕೆ, ಇನ್ನೂ ಮೂರು ಸಾರ್ವಜನಿಕ ಗ್ರಂಥಾಲಯಗಳಿಗೆ ಒಂದೊಂದು ಪ್ರತಿ ಕಳಿಸಬೇಕು. ನೀವೇ ಪ್ರಕಾಶಕರಾದರೆ ಇದು ನಿಮ್ಮ ಕೆಲಸ. ಕರ್ನಾಟಕದ ಗ್ರಂಥಾಲಯ ಇಲಾಖೆ ಸಗಟು ಖರೀದಿಗೆ ಅರ್ಜಿ ಕರೆದಾಗ ಹಾಕಿ. ಕನ್ನಡ ಪುಸ್ತಕ ಪ್ರಾಧಿಕಾರ ಯುವ ಬರಹಗಾರರ ಚೊಚ್ಚಲ ಕೃತಿಗೆ ಪ್ರೋತ್ಸಾಹಧನ ಕೊಡುತ್ತದೆ. ಅದಕ್ಕೆ ಹಸ್ತಪ್ರತಿಯ ಹಂತದಲ್ಲೇ ಅರ್ಜಿ ಹಾಕಬೇಕು, ಹಾಗಾಗಿ ಪತ್ರಿಕೆಯ ಪ್ರಕಟಣೆ ಮೇಲೆ ಕಣ್ಣಿರಲಿ. ನಿಮಗೆ 35 ದಾಟಿರದಿದ್ದರೆ ಸಾಹಿತ್ಯ ಅಕಾಡೆಮಿಯ ಯುವ ಪುರಸ್ಕಾರವೂ ಇದೆ.

ಪುಸ್ತಕ ಬಂದ ಮೇಲೆ

ದೊಡ್ಡ ಸಭಾಂಗಣ ಬೇಡ. ನಾವು ಬಿಡುಗಡೆ ಮಾಡಿದ್ದು ಊರಿನ ಶಾಲೆಯ ಜಗಲಿಯಲ್ಲಿ, ಭಾನುವಾರ ಸಂಜೆ. ಅರವತ್ತು ಜನ ಬಂದರು. ಭಾಷಣ ಎರಡೇ, ಉಳಿದ ಹೊತ್ತು ಓದು. 43 ಪ್ರತಿ ಅಲ್ಲೇ ಹೋಯಿತು. ಆಮೇಲಿನದೆಲ್ಲ ವಾಟ್ಸಾಪಿನಲ್ಲಿ ಬಂದ ಬೇಡಿಕೆ. ಅಂಚೆಯಲ್ಲಿ ಕಳಿಸುವಾಗ ಮೊದಲು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಆಮೇಲೆ ಕಂದು ಕಾಗದ. ಕಾಲೇಜುಗಳ ಕನ್ನಡ ವಿಭಾಗಕ್ಕೆ, ವಿಮರ್ಶೆ ಬರೆಯುವವರಿಗೆ ಇಪ್ಪತ್ತು ಪ್ರತಿ ಎತ್ತಿಡಿ. ಯಾರು ಎಷ್ಟು ತೆಗೆದುಕೊಂಡರು, ಯಾರು ದುಡ್ಡು ಕೊಟ್ಟಿಲ್ಲ ಅಂತ ಒಂದು ಪುಸ್ತಕದಲ್ಲಿ ಬರೆದಿಡಿ.

ಕೊನೆಯದಾಗಿ, ಒಂದು ಪ್ರತಿಯ ಮೇಲೆ ‘ಎರಡನೇ ಮುದ್ರಣ’ ಅಂತ ಬರೆದು ಬೇರೆ ಇಡಿ. ಯಾರು ಯಾವ ತಪ್ಪು ಹೇಳಿದರೂ ಅದೇ ಪ್ರತಿಯಲ್ಲಿ ಪೆನ್ಸಿಲಿನಿಂದ ಗುರುತು ಮಾಡಿ. ನನ್ನದರಲ್ಲಿ ಈಗ ಒಂಬತ್ತು ಗುರುತಿವೆ. ಏಳು ಕಾಗುಣಿತ, ಒಂದು ವಯಸ್ಸಿನ ಲೆಕ್ಕ. ಒಂಬತ್ತನೆಯದು ಪುಟ 131ರಲ್ಲಿದೆ. ಅಚ್ಚಾದ ಪುಸ್ತಕವನ್ನು ಅಕ್ಕನಿಗೆ ಮತ್ತೆ ಓದಿ ಹೇಳುತ್ತಿದ್ದೆ. ಒಡ್ಡು ಒಡೆದ ರಾತ್ರಿಗೆ ಬಂದಾಗ ಅವರು ತಡೆದರು. ‘ಅಮಾಸೆ ಅಂತ ಬರ್ದಿದ್ದೆ ಅಲ್ವಾ? ಅಮಾಸೆ ದಿನ ನೀರು ಮೊಳಕಾಲಿಗೆ ನಿಲ್ಲೋದಿಲ್ಲ ತಂಗೀ, ಸೊಂಟಕ್ಕೆ ಬತ್ತದೆ.’ ಅಲ್ಲೇ ಪೆನ್ಸಿಲ್ ತೆಗೆದು ‘ಸೊಂಟ’ ಅಂತ ಬರೆದುಕೊಂಡೆ.